ಐದನೆಯ ತರಗತಿಗೆ ಬೋರ್ಡ್ ಪರೀಕ್ಷೆ

ಎಂಟನೆಯ ತರಗತಿ ಮುಗಿಯುವವರೆಗೆ ಯಾವ ಮಗುವೂ ಬೋರ್ಡ್ ಪರೀಕ್ಷೆಯಲ್ಲಿ, ಅಂದರೆ ಶಾಲೆಯ ಹೊರಗಿನ ಮಂಡಳಿಯು ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಕೊಟ್ಟು ನಡೆಸುವ ಪರೀಕ್ಷೆಯಲ್ಲಿ, ತೇರ್ಗಡೆಯಾಗಬೇಕಿಲ್ಲವೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 30ನೆಯ ಕಲಮು ಹೇಳುತ್ತದೆ. ಹಾಗಿದ್ದೂ ಕರ್ನಾಟಕ ಸರ್ಕಾರವು ಐದು, ಎಂಟು ಮೊದಲಾದ ತರಗತಿಗಳಿಗೆ ‘ಮೌಲ್ಯಾಂಕನ’ವೆಂಬ ಹೆಸರಿನಲ್ಲಿ ಅಂಥದೇ ಪರೀಕ್ಷೆಯನ್ನು ತಂದಾಗ ಖಾಸಗಿ ಶಾಲೆಗಳ ಸಂಘಟನೆಗಳು ನ್ಯಾಯಾಲಯದ ಮೆಟ್ಟಿಲೇರಿದವು, 2024ರ ಮಾರ್ಚ್‌ನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠವು ಅದನ್ನು ರದ್ದುಪಡಿಸಿತು, ಮರುದಿನವೇ ವಿಭಾಗೀಯ ಪೀಠವು ಆ ಆದೇಶಕ್ಕೆ ತಡೆ ನೀಡಿತು, ಸುಪ್ರೀಂ ಕೋರ್ಟಿನ ಮಧ್ಯಪ್ರವೇಶದಿಂದ ಪರೀಕ್ಷೆಯು ನಡುವೆಯೇ ನಿಂತಿತು, ಮುಂದೆ ಅದು ಮುಗಿದ ಮೇಲೂ ಏಪ್ರಿಲ್ 8ರಂದು ಫಲಿತಾಂಶಕ್ಕೆ ತಡೆ ಬಿತ್ತು. ಕಲಿಕೆಯ ಕೊರತೆಯನ್ನು ಅಳೆಯಬೇಕೆಂಬ ಸರ್ಕಾರದ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಶೈಕ್ಷಣಿಕ ವರ್ಷದ ಕೊನೆಗೆ ಬರುವ ಅಳತೆಯು ಆ ವರ್ಷದ ಪಾಠವನ್ನು ತಿದ್ದಲಾರದಾದ್ದರಿಂದ, ಹತ್ತು ವರ್ಷದ ಮಕ್ಕಳ ಪೋಷಕರ ಅಸಮಾಧಾನವನ್ನು ಬರಿಯ ಪರೀಕ್ಷಾಭಯವೆಂದು ತಳ್ಳಿಹಾಕುವುದು ನ್ಯಾಯವಲ್ಲ.