ಯಾರಿಗೆ ಬರೆಯುತ್ತಿದ್ದೇವೆ?



ಬರವಣಿಗೆಯ ಬಗ್ಗೆ ಎರಡು ಮಾತು ಹೇಳಿ ಎಂದು ಕಾರ್ಯಕಾರಿ ಸಮಿತಿಯವರು ಕೇಳಿದ್ದು ಒಬ್ಬ ಡಾಕ್ಟರನ್ನು! ನಮ್ಮ ಕೈಬರಹದ ಕೀರ್ತಿ ತಮಗೆಲ್ಲ ಗೊತ್ತೇ ಇದೆ. ಆದರೂ ದಿನಕ್ಕೆ ಹತ್ತಾರು ಸಲ ಬರೆಯುವವರು ನಾವು. ಯಾರಿಗೆ, ಏತಕ್ಕೆ, ಯಾವ ಹೊತ್ತಿನಲ್ಲಿ ಎಂದು ಕೇಳಿಕೊಳ್ಳದೆ ಬರೆದದ್ದು ಕೆಲಸಕ್ಕೆ ಬಾರದು ಎಂಬುದು ನಮ್ಮ ವೃತ್ತಿ ಕಲಿಸಿದ ಪಾಠ.

ರೋಗಿಯ ದಾಖಲೆಯನ್ನೇ ನೋಡಿ. 1968ರಲ್ಲಿ ಡಾ. ಲಾರೆನ್ಸ್ ವೀಡ್ ಅದಕ್ಕೊಂದು ಅಚ್ಚುಕಟ್ಟಾದ ಕ್ರಮವನ್ನು ವಿವರಿಸಿದರು: ರೋಗಿ ಹೇಳಿದ್ದು, ಡಾಕ್ಟರು ಕಂಡದ್ದು, ನಿರ್ಣಯ, ಮುಂದಿನ ಯೋಜನೆ. ರಾತ್ರಿ ಪಾಳಿಯವರು ಬೇಗ ಓದಿಕೊಳ್ಳಲೆಂದು ಏದುಸಿರಿಗೆ ‘ಎಸ್.ಓ.ಬಿ.’ ಎಂದು ಬರೆಯುತ್ತೇವೆ. ನಮಗದು ರೋಗಲಕ್ಷಣ, ಹೊರಗಿನವರಿಗೆ ಬೈಗುಳ! 2021ರ ಏಪ್ರಿಲ್‌ನಿಂದ ಅಮೆರಿಕದ ಕಾನೂನಿನ ಪ್ರಕಾರ ರೋಗಿಗಳೂ ತಮ್ಮ ಬಗೆಗಿನ ಟಿಪ್ಪಣಿಗಳನ್ನು ಕೂಡಲೇ ಓದಬಹುದಾಗಿದೆ. ಓದುವವರು ಬದಲಾದರು, ಬರೆಯುವ ರೀತಿಯೂ ಬದಲಾಗಲೇಬೇಕು.

ಇನ್ನು ನಮ್ಮ ಮನೆಗಳ ವಿಷಯ. ಊರಿನಿಂದ ಬಂದ ಅಪ್ಪ ಅಮ್ಮನ ಸಕ್ಕರೆ ಕಾಯಿಲೆಯ ಮಾತ್ರೆಯ ಮೇಲೆ ‘ದಿನಕ್ಕೆ ಎರಡು ಸಲ, ಆಹಾರದೊಂದಿಗೆ’ ಎಂದು ಇಂಗ್ಲಿಷಿನಲ್ಲಿರುತ್ತದೆ. ಆಹಾರವೆಂದರೆ ತಿಂಡಿಯೋ, ಊಟವೋ, ಬರೀ ಕಾಫಿ ಬಿಸ್ಕತ್ತೋ? ಏಕಾದಶಿಯ ದಿನ ಏನು ಮಾಡಬೇಕು? ಕೆಲವು ಮಾತ್ರೆಗಳನ್ನು ನುಂಗಿ ಉಪವಾಸವಿದ್ದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದು ಪ್ರಜ್ಞೆಯೇ ತಪ್ಪಬಹುದು. ಲೇಬಲ್ ಬರೆದವರಿಗೆ ನಮ್ಮ ಏಕಾದಶಿ ಗೊತ್ತಿಲ್ಲ, ನಮಗೆ ಗೊತ್ತು. ಡಾಕ್ಟರನ್ನು ಕೇಳಿ, ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸೋಣ: ‘ಬೆಳಿಗ್ಗೆ ತಿಂಡಿಯ ಜೊತೆ ಒಂದು, ರಾತ್ರಿ ಊಟದ ಜೊತೆ ಒಂದು. ಉಪವಾಸವಿದ್ದರೆ ಮೊದಲೇ ಹೇಳಿ.’ ಅಜ್ಜಿಯ ಜೊತೆ ಮನೆಯಲ್ಲಿರುವ ಮೊಮ್ಮಗಳಿಗೆ ಕನ್ನಡ ಓದಲು ಬಾರದಿದ್ದರೆ, ಪಕ್ಕದಲ್ಲೇ ಅವಳಿಗಾಗಿ ಇಂಗ್ಲಿಷ್ ಚೀಟಿಯೂ ಇರಲಿ.

ಇದನ್ನು ಚೆನ್ನಾಗಿ ಬಲ್ಲವರು ನಮ್ಮ ಡಾ. ಅನುಪಮಾ ನಿರಂಜನ. ಗೃಹಿಣಿಯರಿಗೆ ‘ತಾಯಿ ಮಗು’, ಮಕ್ಕಳಿಗೆ ‘ದಿನಕ್ಕೊಂದು ಕಥೆ’, ಕಾದಂಬರಿ ಓದುಗರಿಗೆ ‘ಮಾಧವಿ’. ಲೇಖನಿ ಒಂದೇ, ಓದುಗರು ಬೇರೆ ಬೇರೆ. ಅದಕ್ಕೆ ತಕ್ಕಂತೆ ಮಾತಿನ ಧಾಟಿಯೂ ಬೇರೆ.

ಈ ಸಂಚಿಕೆಗೆ ಬರೆಯುವಾಗಲೂ, ಊರಿಗೆ ನಾಲ್ಕು ಸಾಲು ಬರೆಯುವಾಗಲೂ ಓದುವವರ ಮುಖವನ್ನೊಮ್ಮೆ ನೆನೆಯೋಣ. ಪಾಂಡಿತ್ಯ ಸ್ವಲ್ಪ ಕಡಿಮೆಯಾದರೂ ಚಿಂತೆಯಿಲ್ಲ, ಹೇಳಬೇಕಾದ್ದು ತಲುಪಬೇಕಾದವರಿಗೆ ತಲುಪಲಿ.