ಸಭೆಯೊಳಗೊಂದು ಸಭೆ

ಶಾಸನಸಭೆಯಲ್ಲಿ ಬಲವೆಂದರೆ ತಲೆಗಳ ಲೆಕ್ಕ ಎಂದು ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. ಅರ್ಧಕ್ಕಿಂತ ಹೆಚ್ಚು ಮಂದಿ ಒಪ್ಪಿದರೆ ಮಸೂದೆ ಗೆದ್ದಿತು, ಒಪ್ಪದಿದ್ದರೆ ಬಿದ್ದಿತು. ಈ ಲೆಕ್ಕವೇನೋ ಸರಿ. ಆದರೆ ತಲೆಗಳನ್ನು ಯಾವ ನಿಯಮದಂತೆ ಎಣಿಸುತ್ತಾರೆ ಎಂಬುದನ್ನೂ ನೋಡಬೇಕು. ನಿಯಮ ಬದಲಾದರೆ ಅಲ್ಪಸಂಖ್ಯೆಯೂ ಬಲವಾಗಬಹುದು. ಇದಕ್ಕೊಂದು ಒಳ್ಳೆಯ ಉದಾಹರಣೆ, ಅಮೆರಿಕದ ವಯೋಮಿಂಗ್ ಸಂಸ್ಥಾನದ ಶಾಸನಸಭೆಯಲ್ಲಿ ಬೆಳೆದ 'ಫ್ರೀಡಮ್ ಕಾಕಸ್' ಎಂಬ ಬಣದ ಕಥೆ.

ಮೊದಲು ಆ ನಾಡಿನ ಪರಿಚಯ ಮಾಡಿಕೊಳ್ಳೋಣ. ವಯೋಮಿಂಗ್ ವಿಸ್ತಾರದಲ್ಲಿ ನಮ್ಮ ಕರ್ನಾಟಕಕ್ಕಿಂತ ದೊಡ್ಡದು. ಜನಸಂಖ್ಯೆಯಾದರೋ 2020ರ ಗಣತಿಯಲ್ಲಿ 5,76,851. ಅಮೆರಿಕದ 50 ಸಂಸ್ಥಾನಗಳಲ್ಲೇ ಅತಿ ಕಡಮೆ. ಹುಲ್ಲುಗಾವಲು, ದನದ ಮಂದೆ, ಕಲ್ಲಿದ್ದಲ ಗಣಿ, ಎಣ್ಣೆಯ ಬಾವಿ, ಇವು ಅಲ್ಲಿಯ ಬದುಕು. 1869ರಷ್ಟು ಹಿಂದೆಯೇ, ಇನ್ನೂ ಪೂರ್ಣ ಸಂಸ್ಥಾನವಾಗುವ ಮುಂಚೆ, ಹೆಂಗಸರಿಗೆ ಮತದಾನದ ಹಕ್ಕು ಕೊಟ್ಟ ನಾಡು ಅದು. ರಾಜಧಾನಿ ಷಯೆನ್. ಅಲ್ಲಿಯ ಕೆಳಮನೆಯಲ್ಲಿ 62 ಸ್ಥಾನ, ಮೇಲ್ಮನೆಯಲ್ಲಿ 31. ಶಾಸಕತನ ಅಲ್ಲಿ ವರ್ಷವಿಡೀ ಮಾಡುವ ಕೆಲಸವಲ್ಲ. ಬೆಸ ವರ್ಷಗಳಲ್ಲಿ ಸುಮಾರು 40 ದಿನ, ಸಮ ವರ್ಷಗಳಲ್ಲಿ ಆಯವ್ಯಯಕ್ಕಾಗಿ ಸುಮಾರು 20 ದಿನ ಸಭೆ ಸೇರುತ್ತದೆ. ಉಳಿದ ಕಾಲದಲ್ಲಿ ಸದಸ್ಯರು ದನ ಸಾಕುತ್ತಾರೆ, ವಕೀಲಿ ಮಾಡುತ್ತಾರೆ, ಅಂಗಡಿ ನಡೆಸುತ್ತಾರೆ.

ಇಲ್ಲಿ ರಿಪಬ್ಲಿಕನ್ ಪಕ್ಷಕ್ಕೆ ಎದುರಾಳಿ ಇಲ್ಲವೆಂದರೂ ಸಲ್ಲುತ್ತದೆ. 2023ರಲ್ಲಿ ಸೇರಿದ ಕೆಳಮನೆಯ 62 ಸ್ಥಾನಗಳಲ್ಲಿ 57 ಅವರವೇ. ಎದುರಿಗೆ ಯಾರೂ ಇಲ್ಲದ ಮನೆಯಲ್ಲಿ ಜಗಳ ಒಳಗೇ ಹುಟ್ಟುತ್ತದೆ. ತೆರಿಗೆ ಇಳಿಯಬೇಕು, ಸರ್ಕಾರದ ಖರ್ಚು ಕುಗ್ಗಬೇಕು, ಹಳೆಯ ಸಾಮಾಜಿಕ ಕಟ್ಟಳೆಗಳು ಉಳಿಯಬೇಕು ಎಂದು ಬಿಗಿಯಾಗಿ ಹಿಡಿದವರು ಒಂದು ಬಣ ಕಟ್ಟಿದರು. ವಾಷಿಂಗ್ಟನ್ನಿನ ಕಾಂಗ್ರೆಸ್ಸಿನಲ್ಲಿ 2015ರಲ್ಲಿ ಹುಟ್ಟಿದ ಇದೇ ಹೆಸರಿನ ಬಣ ಅವರಿಗೆ ಮಾದರಿ. ತಮ್ಮ ಪಕ್ಷದ ಹಳೆಯ ನಾಯಕರು ಹೆಸರಿಗೆ ಮಾತ್ರ ಸಂಪ್ರದಾಯವಾದಿಗಳು, ಚುನಾವಣೆಯಲ್ಲಿ ಆಡಿದ ಮಾತನ್ನು ಸಭೆಯಲ್ಲಿ ಮರೆಯುತ್ತಾರೆ ಎಂಬುದು ಇವರ ಆಕ್ಷೇಪ. ಹೊರಗಿನಿಂದ ತಂದ ಪಟ್ಟಿ ಹಿಡಿದು ನಮ್ಮ ಊರಿನ ಸಮಸ್ಯೆ ಅಳೆಯುತ್ತಾರೆ ಎಂಬುದು ಆ ಹಳಬರ ಮರುಮಾತು.

ಒಂದೇ ಪಕ್ಷದೊಳಗೆ ಹೀಗೆ ಬೇರೆಯಾಗಿ ಮತ ಹಾಕುವುದು ಸಾಧ್ಯವೆ ಎಂದು ಕೇಳುಗರು ಅಚ್ಚರಿಪಡಬಹುದು. ನಮ್ಮಲ್ಲಿ 1985ರ ಪಕ್ಷಾಂತರ ನಿಷೇಧದ ಕಾನೂನಿನಂತೆ, ಪಕ್ಷದ ಆಜ್ಞೆ ಮೀರಿ ಮತ ಹಾಕಿದ ಶಾಸಕನ ಸ್ಥಾನವೇ ಹೋಗಬಹುದು. ಅಮೆರಿಕದಲ್ಲಿ ಅಂಥ ಕಾನೂನಿಲ್ಲ. ಪಕ್ಷದ ಅಭ್ಯರ್ಥಿ ಯಾರೆಂಬುದನ್ನು ನಾಯಕರು ನಿಶ್ಚಯಿಸುವುದೂ ಇಲ್ಲ; ಮತದಾರರೇ ಪ್ರಾಥಮಿಕ ಚುನಾವಣೆಯಲ್ಲಿ ಆರಿಸುತ್ತಾರೆ. ಆದ್ದರಿಂದ ಶಾಸಕನು ನಾಯಕನಿಗೆ ಅಂಜಬೇಕಾದ್ದು ಕಡಮೆ, ತನ್ನ ಕ್ಷೇತ್ರಕ್ಕೆ ಅಂಜಬೇಕಾದ್ದು ಹೆಚ್ಚು. ಕಾಕಸ್ ಬೆಳೆಯುವುದು ಈ ಮಣ್ಣಿನಲ್ಲಿ.

ಇನ್ನು ನಿಯಮದ ಮಾತು. ಆಯವ್ಯಯದ ವರ್ಷದಲ್ಲಿ ಕಾಲ ಕಡಮೆ. ಹಾಗಾಗಿ ಆಯವ್ಯಯಕ್ಕೆ ಸೇರದ ಯಾವ ಮಸೂದೆಯನ್ನಾದರೂ ಸಭೆಯ ಮುಂದೆ ಇಡುವುದಕ್ಕೇ ಮೂರರಲ್ಲಿ ಎರಡು ಪಾಲು ಮತ ಬೇಕು. 62ರ ಸಭೆಯಲ್ಲಿ ಅದು 42. ಅಂದರೆ 21 ಮಂದಿ 'ಬೇಡ' ಎಂದರೆ ಮಸೂದೆ ಬಾಗಿಲಲ್ಲೇ ನಿಲ್ಲುತ್ತದೆ. 2024ರ ಫೆಬ್ರವರಿಯಲ್ಲಿ ಸಭೆ ಸೇರಿದಾಗ ಕಾಕಸ್ಸಿನ ಬಲ ಸುಮಾರು 26. ಬಹುಮತಕ್ಕೆ ಅದು ಸಾಲದು. ತಡೆಯುವುದಕ್ಕೆ ಧಾರಾಳವಾಗಿ ಸಾಕು. ಸಮಿತಿಗಳು ಕೂತು ಸಿದ್ಧಮಾಡಿದ್ದ ಹಲವು ಮಸೂದೆಗಳು ಒಂದು ಮಾತಿನ ಚರ್ಚೆಯೂ ಇಲ್ಲದೆ ಮೊದಲ ದಿನಗಳಲ್ಲೇ ಬಿದ್ದುಹೋದವು. ಕಾಲ ಉಳಿಸಲು ಮಾಡಿದ ನಿಯಮ ಒಂದು ಬಣದ ಕೈಯಲ್ಲಿ ಬೀಗವಾಯಿತು. ನಿಯಮವನ್ನು ಅವರು ಮುರಿಯಲಿಲ್ಲ. ಅದರ ಉಪಯೋಗವನ್ನು ಬೇರೆಯವರಿಗಿಂತ ಚೆನ್ನಾಗಿ ಅರಿತಿದ್ದರು, ಅಷ್ಟೆ.

ಅದೇ ವರ್ಷ ಆಗಸ್ಟ್ 20ರಂದು ಪ್ರಾಥಮಿಕ ಚುನಾವಣೆ ನಡೆಯಿತು. ಕೊನೆಯ ಗಳಿಗೆಯಲ್ಲಿ ಪಕ್ಷ ಬದಲಿಸಿ ಇನ್ನೊಂದು ಪಕ್ಷದ ಅಭ್ಯರ್ಥಿಯನ್ನು ಆರಿಸುವ ಅವಕಾಶವನ್ನು 2023ರ ಕಾನೂನು ಮುಚ್ಚಿತ್ತು. ಮೇಲ್ಮನೆಗೆ ಸ್ಪರ್ಧಿಸಿದ್ದ ಕೆಳಮನೆಯ ಸಭಾಧ್ಯಕ್ಷ ಆಲ್ಬರ್ಟ್ ಸಾಮರ್ಸ್ ಸೋತರು. ಹಳೆಯ ನಾಯಕರಲ್ಲಿ ಮತ್ತೆ ಕೆಲವರೂ ಸೋತರು. 2025ರ ಜನವರಿಯಲ್ಲಿ ಹೊಸ ಸಭೆ ಸೇರಿದಾಗ ಬಹುಮತ ಕಾಕಸ್ಸಿನದಾಗಿತ್ತು. ಚಿಪ್ ನೈಮನ್ ಸಭಾಧ್ಯಕ್ಷರಾದರು. ಈ ಹೆಸರಿನ ಬಣವೊಂದು ಒಂದು ಸಂಸ್ಥಾನದ ಶಾಸನಸಭೆಯಲ್ಲಿ ಒಂದು ಮನೆಯ ಆಡಳಿತವನ್ನೇ ಹಿಡಿದದ್ದು ಅಮೆರಿಕದಲ್ಲಿ ಅದೇ ಮೊದಲು.

ಹತ್ತು ದಿನದೊಳಗೆ ಐದು ಮಸೂದೆಗಳನ್ನು ಕೆಳಮನೆಯಲ್ಲಿ ಗೆಲ್ಲಿಸುತ್ತೇವೆಂದು ಅವರು ಮೊದಲೇ ಸಾರಿದ್ದರು. ಹಾಗೆಯೇ ಮಾಡಿಯೂ ತೋರಿಸಿದರು. ಆದರೆ ಕೆಳಮನೆಯ ಆಚೆಗೆ ಮೇಲ್ಮನೆ ಇದೆ, ಅದರಾಚೆಗೆ ಗವರ್ನರ್ ಇದ್ದಾರೆ. ನಮ್ಮ ರಾಜ್ಯಪಾಲರಂತಲ್ಲ, ಅಲ್ಲಿಯ ಗವರ್ನರ್ ಜನರಿಂದಲೇ ಆಯ್ಕೆಯಾದ ಆಡಳಿತದ ಮುಖ್ಯಸ್ಥ. ಆ ವರ್ಷದ ಪೂರಕ ಆಯವ್ಯಯಕ್ಕೆ ಎರಡು ಮನೆಗಳೂ ಕೂಡಿಬರಲಿಲ್ಲ. ಅದು ಅಂಗೀಕಾರವಾಗದೆಯೇ ಅಧಿವೇಶನ ಮುಗಿಯಿತು.

ಎಲ್ಲಕ್ಕಿಂತ ಮನೆಮನೆಗೂ ತಾಕಿದ ವಿಷಯ ಮನೆಗಂದಾಯ. 2020ರ ಈಚೆಗೆ ಆ ನಾಡಿನಲ್ಲಿ ಮನೆಗಳ ಬೆಲೆ ಏರಿತು. ಬೆಲೆಯ ಜೊತೆಗೆ ಕಂದಾಯವೂ ಏರಿತು. ಸ್ವಂತ ಮನೆಯಲ್ಲಿ ವಾಸವಾಗಿರುವ ಮುದುಕರಿಗೆ ವರಮಾನ ಹೆಚ್ಚದಿದ್ದರೂ ಕಂದಾಯ ಹೆಚ್ಚಿತು. ಈ ಸಂಕಟ ನಿಜವಾದದ್ದು. 2024ರಲ್ಲಿ ಬಂದ ಕಡಿತದ ಮಸೂದೆಯನ್ನು ಗವರ್ನರ್ ಮಾರ್ಕ್ ಗಾರ್ಡನ್ ತಳ್ಳಿಹಾಕಿದ್ದರು. 2025ರಲ್ಲಿ ಮನೆಯ ಬೆಲೆಯ ಮೊದಲ 10 ಲಕ್ಷ ಡಾಲರಿನ ಮೇಲೆ ನೂರಕ್ಕೆ 25ರ ವಿನಾಯಿತಿ ಕೊಡುವ ಮಸೂದೆಗೆ ರುಜು ಹಾಕಿದರು. ಮನೆಯವರಿಗೆ ಸಂತೋಷವಾಯಿತು. ಆದರೆ ಊರಿನ ಶಾಲೆ, ಆಸ್ಪತ್ರೆ, ಬೆಂಕಿ ಆರಿಸುವ ದಳ ಇವೆಲ್ಲ ನಡೆಯುವುದೂ ಇದೇ ಕಂದಾಯದ ಹಣದಿಂದ. ಹಿಂದೆ ಕೊರತೆ ತುಂಬುತ್ತಿದ್ದ ಕಲ್ಲಿದ್ದಲಿನ ಉತ್ಪತ್ತಿಯೋ, 2008ರಲ್ಲಿ ತುತ್ತತುದಿ ಮುಟ್ಟಿ, ಅಲ್ಲಿಂದೀಚೆಗೆ ಸುಮಾರು ಅರ್ಧಕ್ಕೆ ಇಳಿದಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಕಾಕಸ್ಸಿನವರೂ ಹೇಳುತ್ತಾರೆ, ಅವರ ವಿರೋಧಿಗಳೂ ಹೇಳುತ್ತಾರೆ. ಕಾಲು ಮಡಿಸಬೇಕೆಂದು ಒಬ್ಬರ ಮತ. ಹಾಸಿಗೆಯನ್ನೇ ಕತ್ತರಿಸಬಾರದೆಂದು ಇನ್ನೊಬ್ಬರ ಮತ.

ಈ ಕಥೆಯಿಂದ ಎರಡು ಮಾತು ತಿಳಿಯುತ್ತವೆ. ಒಗ್ಗಟ್ಟಾಗಿ ನಿಲ್ಲಬಲ್ಲ ಅಲ್ಪಸಂಖ್ಯೆಗೆ, ನಿಯಮ ಅನುಕೂಲವಾದರೆ, ತನ್ನ ಸಂಖ್ಯೆಯನ್ನು ಮೀರಿದ ಶಕ್ತಿ ಬರುತ್ತದೆ ಎಂಬುದು ಮೊದಲನೆಯದು. ಆ ಶಕ್ತಿಯ ಸ್ವರೂಪ ತಡೆಯುವ ಶಕ್ತಿ, ನಡೆಸುವ ಶಕ್ತಿ ಬೇರೆ ಎಂಬುದು ಎರಡನೆಯದು. ತಡೆಯುವಾಗ 21 ಮಂದಿ ಸಾಕಾಗಿತ್ತು. ನಡೆಸುವಾಗ ಕೆಳಮನೆಯ ಬಹುಮತವೂ ಸಾಲದೆ, ತಮ್ಮನ್ನು ಒಪ್ಪದವರೊಡನೆ ಕೂತು ಮಾತಾಡಬೇಕಾಯಿತು. ಯಾವ ಬಣವೇ ಆಗಲಿ, ಅದಕ್ಕೆ ಓಟು ಕೊಟ್ಟವರು ಅದು ಎಷ್ಟು ಮಸೂದೆಗಳನ್ನು ಬೀಳಿಸಿತೆಂದು ಎಣಿಸಿದಂತೆಯೇ, ಮುಂದಿನ ವರ್ಷ ಊರಿನ ಶಾಲೆಯೂ ಆಸ್ಪತ್ರೆಯೂ ಹೇಗೆ ನಡೆದವೆಂದೂ ಕೇಳಬೇಕು. ಆ ಪ್ರಶ್ನೆಗೆ ಉತ್ತರ ಹೇಳುವ ಹೊಣೆ ಆಳುವವರದು.