ಮಂದಿ ಕೂಡಿದಾಗ ಆಡುವ ಮಾತು



ಶ್ರಾವಣದಲ್ಲಿ ಉರುಕುಂದ ಈರಣ್ಣನ ಗುಡಿಗೆ ಹೋಗಿ ಬಂದವರನ್ನು "ಮಂದಿ ಹೆಂಗಿದ್ರು?" ಎಂದು ಕೇಳಿ ನೋಡಿ. ತೆಲುಗು ಮಾತಿನವರಾದರೆ ಮರಳು ಚೆಲ್ಲಿದರೂ ಉದುರದಷ್ಟು ಜನ ಎನ್ನುತ್ತಾರೆ. ಕನ್ನಡದವರು ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಮಂದಿ ಎನ್ನುತ್ತಾರೆ. ನಮ್ಮ ಆದವಾನಿಯಲ್ಲಿ ಈ ಎರಡೂ ಒಂದೇ ಓಣಿಯಲ್ಲಿ ಕೇಳಿಸುತ್ತವೆ. ನಮ್ಮ 'ಕಿಕ್ಕಿರಿದು' ಅವರಲ್ಲಿ 'ಕಿಕ್ಕಿರಿಸಿ'. 'ಗುಂಪು' ಇಬ್ಬರಿಗೂ ಗುಂಪೇ. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು ತಾಲೂಕುಗಳು ಬಳ್ಳಾರಿ ಜಿಲ್ಲೆ ಬಿಟ್ಟು ಆಂಧ್ರಕ್ಕೆ ಸೇರಿದವು. ಆದರೂ ಹಳ್ಳಿಯ ಹಿರಿಯರು ಈಗಲೂ 'ಮಂದಿ' ಎಂದೇ ಮಾತು ಶುರು ಮಾಡುತ್ತಾರೆ. (ಮಂದಿಗೂ ಕುರಿಮಂದೆಗೂ ಒಂದೇ ಸ್ವರದ ಅಂತರ ಎಂಬುದನ್ನು ನೀವೂ ಗಮನಿಸಿರಬೇಕು.)

ಬಹಳ ಜನ ಎಂದು ಹೇಳಲು ಪತ್ರಿಕೆಗಳಿಗೆ 'ಜನಸಾಗರ' ಒಂದಿದ್ದರೆ ಸಾಕು. ನನಗೆ ಅದು ಸೋಮಾರಿ ಪದವೆನಿಸುತ್ತದೆ. ಜನ ಯಾಕೆ ಬಂದರು, ಯಾವ ಕಡೆ ಹೊರಟರು ಎಂಬುದು ಅದರಲ್ಲಿಲ್ಲ. ಮಂತ್ರಾಲಯದ ಆರಾಧನೆಯಲ್ಲಿ ರಥದ ಹಿಂದೆ ನಡೆಯುವವರೂ ಜನಸಾಗರ, ದಸರೆಯ ರಾತ್ರಿ ದೇವರಗಟ್ಟಿನಲ್ಲಿ ಮಾಳ ಮಲ್ಲೇಶ್ವರನ ಉತ್ಸವಮೂರ್ತಿಗಾಗಿ ಬಡಿಗೆ ಹಿಡಿದು ಬರುವವರೂ ಜನಸಾಗರವೆ? ಹಳ್ಳಿಯವನು ಹಾಗೆ ಹೇಳುವುದಿಲ್ಲ. ಮೊದಲನೆಯದು ಅವನಿಗೆ ತೇರಿನ ಮಂದಿ. ಎರಡನೆಯದು ದಂಡು.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ರದ್ದಾಯಿತು. 10ರಂದು ಬಾಗಿಲು ತೆರೆದಾಗ ಹೊರಗೆ ಇದ್ದದ್ದು ಸಾಲು. ಮುಂದಿನವನ ಹೆಗಲು ಹಿಂದಿನವನಿಗೆ ಕಾಣುತ್ತಿತ್ತು, ಮುದುಕಿಯರಿಗೆ ಕೂರಲು ಜಾಗ ಬಿಟ್ಟಿದ್ದರು. ಮಧ್ಯಾಹ್ನ "ರೊಕ್ಕ ಮುಗೀತಂತೆ" ಎಂದು ಯಾರೋ ಅಂದರು. ಸಾಲು ಗುಂಪಾಯಿತು, ಗುಂಪು ಕೌಂಟರಿಗೆ ಮುಗಿಬಿತ್ತು, ಆಮೇಲೆ ನೂಕುನುಗ್ಗಲು. ಬಂದವರು ಅವರೇ, ಒಬ್ಬರೂ ಹೆಚ್ಚಾಗಿರಲಿಲ್ಲ. ನಮ್ಮ ಜವಾನ ಮಾತ್ರ ಮೊದಲೇ "ಸಾಲು ಒಡೀತೈತಿ ನೋಡ್ರಿ" ಎಂದು ಕೂಗಿ, ಮುದುಕಿಯರನ್ನು ಒಳಗೆ ಕರೆದುಕೊಂಡು ಬಂದಿದ್ದ.

ಈ ಮಾತುಗಳನ್ನು ಸಮಯಕ್ಕೆ ಸರಿಯಾಗಿ ಆಡುವುದು ಚಿಕ್ಕ ಸಂಗತಿಯಲ್ಲ. 2025ರ ಜನವರಿ 8ರಂದು ತಿರುಪತಿಯಲ್ಲಿ ವೈಕುಂಠ ದ್ವಾರ ದರ್ಶನದ ಟೋಕನ್‌ಗೆ ನಿಂತವರಲ್ಲಿ 6 ಜನ ಸತ್ತರು. ಅದೇ ವರ್ಷ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ 11 ಜನ ಸತ್ತರು. ಕಾಲ್ತುಳಿತ ಎಂಬುದು ಎಲ್ಲ ಮುಗಿದ ಮೇಲೆ ಬರೆಯುವ ಪದ. ಅದಕ್ಕೆ ಮುಂಚೆ ನೂಕುನುಗ್ಗಲು ಎಂದು ಕೂಗಬೇಕಾದ ಒಂದು ಗಳಿಗೆ ಇರುತ್ತದೆ.

ಇನ್ನೊಂದು ಮಾತು ನನ್ನನ್ನು ಹೆಚ್ಚು ಕಾಡುತ್ತದೆ. ಮಳೆ ಕೈಕೊಟ್ಟ ವರ್ಷ ಕೋಸಿಗಿ, ಕೌತಾಳಂ, ಮಂತ್ರಾಲಯದ ಕಡೆಯ ಹಳ್ಳಿಗಳಿಂದ ಸಂಸಾರ ಸಂಸಾರವೇ ಗಂಟುಮೂಟೆ ಕಟ್ಟಿಕೊಂಡು ಹೊರಡುತ್ತದೆ. ಕೆಲವರು ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು, ಕೆಲವರು ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ. ಹೀಗೆ ಹೊರಟ ಮಂದಿಗೆ ಕನ್ನಡದಲ್ಲಿ ಖಚಿತವಾದ ಪದವಿದೆ: ಗುಳೆ. ಆದರೆ ನಮ್ಮ ಸೀಮೆಯಲ್ಲಿ ತೆಲುಗಿನವರೂ ಕನ್ನಡದವರೂ "ಸುಗ್ಗಿಗೆ ಹೋದ್ರು" ಎನ್ನುತ್ತಾರೆ. ಸುಗ್ಗಿ ಎಂದರೆ ಕಣ ತುಂಬುವ ಕಾಲವಲ್ಲವೆ? ತಮ್ಮ ಹೊಲದಲ್ಲಿ ಏನೂ ಬೆಳೆಯದವರು ಇನ್ನೊಬ್ಬರ ಸುಗ್ಗಿಗೆ ಹೋಗುತ್ತಾರೆ. ಮರ್ಯಾದೆಯ ಮಾತು, ಒಪ್ಪುತ್ತೇನೆ. ಮನೆಯವರು ಹಾಗೆ ಹೇಳಲಿ. ಶಾಲೆಯ ಹಾಜರಿ ಪುಸ್ತಕ ಬರೆಯುವವರು, ಸುದ್ದಿ ಬರೆಯುವವರು ಗುಳೆ ಎಂದೇ ಬರೆಯಬೇಕು. ಸುಗ್ಗಿ ಎಂದು ಬರೆದರೆ ಮಗು ಯಾಕೆ ತಿಂಗಳುಗಟ್ಟಲೆ ಬರಲಿಲ್ಲ ಎಂದು ಯಾರೂ ಕೇಳುವುದಿಲ್ಲ.

ಹೊರಡುವ ದಿನ ಬಸ್‌ಸ್ಟ್ಯಾಂಡು ಗಿಜಿಗಿಜಿ ಎನ್ನುತ್ತದೆ. ಮಾರನೆಯ ದಿನ ಊರೊಳಗೆ ಹೋಗಿ ನೋಡಿ. ಬೀಗ ಹಾಕಿದ ಬಾಗಿಲುಗಳು, ಕಟ್ಟೆಯ ಮೇಲೆ ಮುದುಕರು, ಅವರ ಹತ್ತಿರ ಬಿಟ್ಟುಹೋದ ಒಂದೆರಡು ಕೂಸು. ಆ ಊರಿಗೆ ನಮ್ಮವರು ಹೇಳುವ ಮಾತು, "ಬಿಕೋ ಅಂತೈತಿ."